ಬೆಟಗೇರಿಯವರು ಸಮುದ್ರ ನೋಡಿದ್ದು

ಬೆಟಗೇರಿಯ ವಿರೂಪಾಕ್ಷಪ್ಪ ಸಮುದ್ರ ನೋಡಿರಲಿಲ್ಲ. ಈ ಸಂಗತಿ ಅವನೊಬ್ಬನನ್ನು ಬಿಟ್ಟರೆ ಊರಿನಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ.

ಮದುವೆಗೆ ಮುಂಚೆ ಒಮ್ಮೆ ಅವನು ಹುಬ್ಬಳ್ಳಿಯ ಸೋದರಮಾವನ ಮನೆಗೆ ಹೋಗಿ, ಅಲ್ಲೇ ಜ್ವರ ಬಂದು ಮಲಗಿ, ಬಡಕಲಾಗಿ ತಿರುಗಿ ಬಂದಿದ್ದ. "ಇಷ್ಟ ದಿನ ಎಲ್ಲಿಗೆ ಹೋಗಿದ್ದೆಲೇ?" ಎಂದು ಕಟ್ಟೆಯ ಮೇಲಿದ್ದವರು ಕೇಳಿದರು. ಜ್ವರದ ಕತೆ ಯಾರಿಗೆ ಬೇಕು? "ಕಾರವಾರಕ್ಕ, ಸಮುದ್ರ ನೋಡಾಕ" ಎಂದುಬಿಟ್ಟ. ಕಟ್ಟೆಯವರೆಲ್ಲ ಸರಿದು ನಡುವೆ ಅವನಿಗೆ ಜಾಗ ಮಾಡಿಕೊಟ್ಟರು. ಅಂದು ಕೂತ ಜಾಗವನ್ನು ಅವನು ಆಮೇಲೆ ಬಿಡಲಿಲ್ಲ.

ಹಗಲೆಲ್ಲ ಹುಚ್ಚೀರಪ್ಪ ಸಾವಕಾರರ ಹತ್ತಿ ಅಂಗಡಿಯಲ್ಲಿ ಅಂಡಿಗೆ ಮೂಟೆಗಳ ತೂಕ ಕೂಗುವುದು ಅವನ ಕೆಲಸ. ಅಲ್ಲಿ ಅವನನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ. ಸಂಜೆಯಾಗಿ ಅದೇ ಅಂಗಡಿಯ ಕಟ್ಟೆಯ ಮೇಲೆ ಕೂತು ಕಣ್ಣು ಅರ್ಧ ಮುಚ್ಚಿ "ಸಮುದ್ರ ಅಂದ್ರ ಏನಂತ ತಿಳದೀರಿ?" ಎಂದು ಶುರು ಮಾಡಿದನೆಂದರೆ ಸಾವಕಾರರೂ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸುತ್ತಿದ್ದರು. ಆಚೆ ದಂಡೆಯಿಲ್ಲದ ನೀರು, ಉಪ್ಪು ಗಾಳಿ, ಸಂಜೆ ನೀರಿನಲ್ಲೇ ಮುಳುಗುವ ಸೂರ್ಯ, ಕಣ್ಣಿಗೆ ಗಾಜು ಕಟ್ಟಿಕೊಂಡು ತಳದ ಮೀನು ನೋಡುವ ಜನ. ಹೇಳುತ್ತ ಹೇಳುತ್ತ ಅವನಿಗೇ ಅಲೆಯ ಸಪ್ಪಳ ಕೇಳಿಸುತ್ತಿತ್ತು. ಅವನ ಹೆಂಡತಿ ಗುರುಸಿದ್ದವ್ವನನ್ನು ಅವಳ ಅಪ್ಪ ಕೊಟ್ಟದ್ದು ಕೂಡ "ಹುಡುಗ ಸಮುದ್ರ ಕಂಡಾನ" ಎಂಬ ಒಂದೇ ಮಾತಿಗೆ. ಅದು ಸುಳ್ಳೆಂಬುದು ನಿಜ, ಆದರೆ ಬದುಕಿನಲ್ಲಿ ಅವನಿಗಿದ್ದ ಮಾನವೆಲ್ಲ ಅದರ ಮೇಲೇ ನಿಂತಿತ್ತು.

ಕನ್ನಡದ ಸೀಮೆಗಳೆಲ್ಲ ಒಂದಾದ ವರ್ಷ ಆ ಸುಳ್ಳಿಗೆ ಕುತ್ತು ಬಂತು. ಮೆರವಣಿಗೆ ಮುಗಿಸಿ, ಕೊರಳಲ್ಲಿ ಇನ್ನೂ ಹಾರವಿದ್ದ ಹುಚ್ಚೀರಪ್ಪನವರು ಕಟ್ಟೆಯ ಮೇಲೆ ನಿಂತು ಘೋಷಿಸಿದರು: "ಕಾರವಾರದಿಂದ ಮಂಗಳೂರ ತನಕ ಸಮುದ್ರ ಎಲ್ಲಾ ಒಂದ ರಾಜ್ಯದಾಗ ಬಂತು. ನಮ್ಮ ಸಮುದ್ರ ನಾವ ನೋಡ್ಲಿಲ್ಲಂದ್ರ ಹೆಂಗ? ನನ್ನ ವ್ಯಾನ್ ಐತಿ, ದಾರಿ ಕಂಡ ವಿರೂಪಾಕ್ಷಪ್ಪ ಅದಾನ. ಐತವಾರ ಹೊಂಡೂದ!"

ಎಲ್ಲರೂ ಚಪ್ಪಾಳೆ ತಟ್ಟಿದರು. ವಿರೂಪಾಕ್ಷಪ್ಪನೂ ತಟ್ಟಿದ. ತಟ್ಟದೆ ಏನು ಮಾಡುತ್ತಾನೆ?

ಆ ವ್ಯಾನು ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು, ಹಿಂದೆ ಗಾಯಾಳುಗಳನ್ನು ಹೊತ್ತದ್ದು. ಒಳಗೆ ಎರಡೂ ಬದಿಗೆ ಮಲಗುವ ಹಲಗೆಗಳಿದ್ದವು. "ಮಲಗಾಕ ಇಲ್ಲೇ, ಅಡಗಿ ಮಾಡಾಕ ಸ್ಟೋ ಐತಿ, ಛತ್ರದ ಖರ್ಚಿಲ್ಲ, ಖಾನಾವಳಿ ಖರ್ಚಿಲ್ಲ" ಎಂದು ಸಾವಕಾರರು ಹಿಗ್ಗಿದರು. ಹೊರಗೆ ಬಳಿದ ಹಸಿರು ಬಣ್ಣ ಬಿಸಿಲಿಗೆ ಉದುರಿ ಹಳೆಯ ಕೆಂಪು ಕ್ರಾಸು ಮತ್ತೆ ಇಣುಕುತ್ತಿತ್ತು, ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಐತವಾರ ನಸುಕಿನಲ್ಲಿ ವ್ಯಾನು ಹೊರಟಿತು. ಡ್ರೈವರ್ ಖಾಸಿಂಸಾಬ ಮೀನು ಹಿಡಿಯಲು ಗಾಳ ತಂದಿದ್ದ. ಜೊತೆಗೆ ವಿರೂಪಾಕ್ಷಪ್ಪನ ವರ್ಣನೆ ಕೇಳಿ ಸೈಕಲ್ ಟ್ಯೂಬಿಗೆ ಗಾಜು ಕೂರಿಸಿ ಕಣ್ಣಿಗೆ ಕಟ್ಟುವ ಸಾಧನವನ್ನೂ, ಉಸಿರಾಡಲು ಪಪ್ಪಾಯಿ ದಂಟನ್ನೂ ಸಿದ್ಧಮಾಡಿದ್ದ. ಗುರುಸಿದ್ದವ್ವ ರೊಟ್ಟಿ ಕಟ್ಟಿದ್ದಳು. ಪಕ್ಕದ ಮನೆಯ ಸಿದ್ದಲಿಂಗಾಯಿ ಕರೆಯದೆಯೇ ಹತ್ತಿ ಕೂತಿದ್ದಳು, ತೊಡೆಯ ಮೇಲೆ ಒಂದು ಬುಟ್ಟಿ.

"ಬುಟ್ಟ್ಯಾಗ ಏನೈತಿ ಆಯಿ?" ಎಂದ ವಿರೂಪಾಕ್ಷಪ್ಪ.

"ಅಂಟಿನುಂಡಿ ತಮ್ಮಾ. ಲಕ್ಷ್ಮೇಶ್ವರದಾಗ ನನ್ನ ಮಗಳು ಬಾಣಂತಿ ಅದಾಳ. ದಾರ್ಯಾಗ ಐತಿ, ಕೊಟ್ಟು ಹೋಗೂಣು."

"ದಾರಿ ಬಲ್ಲಾವ ನೀನ, ಮುಂದ ಕುಂಡ್ರು" ಎಂದು ಸಾವಕಾರರು ಅವನನ್ನು ಖಾಸಿಂಸಾಬನ ಪಕ್ಕಕ್ಕೆ ನೂಕಿದರು. ಹುಬ್ಬಳ್ಳಿಯ ಆಚೆ ಖಾಸಿಂಸಾಬನೂ ಗಾಡಿ ಹೊಡೆದವನಲ್ಲ. ರಸ್ತೆ ಒಡೆದಲ್ಲೆಲ್ಲ "ಅಣ್ಣಾರ, ಎಡಕೋ ಬಲಕೋ?" ಎನ್ನುವನು. ವಿರೂಪಾಕ್ಷಪ್ಪ ಗಾಳಿ ಮೂಸಿದಂತೆ ಮಾಡಿ ಕೈ ತೋರಿಸುವನು.

ಲಕ್ಷ್ಮೇಶ್ವರ ಮುಟ್ಟಿದರೆ ಮಗಳ ಮನೆಗೆ ಬೀಗ. ಬಾಣಂತಿಯನ್ನು ಹಿರಿಯ ನಾದಿನಿ ಶಿರಹಟ್ಟಿಗೆ ಕರೆದೊಯ್ದಿದ್ದಾಳೆಂದು ನೆರೆಯವರು ಹೇಳಿದರು. "ಅಂಟಿನುಂಡಿ ಸಮುದ್ರಕ್ಕ ಒಯ್ಯಾಕ ಬರತೈತೇನು?" ಎಂದು ಆಯಿ ಕಣ್ಣಿಗೆ ಸೆರಗು ಒತ್ತಿದಳು. ವ್ಯಾನು ಶಿರಹಟ್ಟಿಯ ಕಡೆ ತಿರುಗಿತು. ವಿರೂಪಾಕ್ಷಪ್ಪನ ಮನಸ್ಸು ವಿಚಿತ್ರವಾಗಿತ್ತು. ಸಮುದ್ರ ದೂರವಾಯಿತೆಂದು ಸಮಾಧಾನ, ಸಮುದ್ರ ದೂರವಾಯಿತಲ್ಲ ಎಂದು ಸಂಕಟ. ಏಕೆಂದರೆ ಆ ನೀರನ್ನು ನೋಡಬೇಕೆಂಬ ಆಸೆ ಆ ವ್ಯಾನಿನಲ್ಲಿ ಅವನಷ್ಟು ಯಾರಿಗೂ ಇರಲಿಲ್ಲ.

ಶಿರಹಟ್ಟಿಯಲ್ಲಿ ಉಂಡೆಗಳು ಮುಟ್ಟಬೇಕಾದಲ್ಲಿಗೆ ಮುಟ್ಟಿದವು. ಇನ್ನೇನು ಹೊರಡಬೇಕು, ಅಷ್ಟರಲ್ಲಿ ಒಬ್ಬ ಹೆಂಗಸು ವ್ಯಾನಿನ ಮುಂದೆ ಅಡ್ಡ ನಿಂತಳು. ಹೆಸರು ಕರಿಯವ್ವ. ಅವಳ ಹಿಂದೆ ನಾಲ್ಕು ಜನ ಅವಳ ಮಗ ಹೊಳೆಯಪ್ಪನನ್ನು ಹೊರಸಿನ ಮೇಲೆ ಹೊತ್ತಿದ್ದರು. ಬಣವೆಯಿಂದ ಬಿದ್ದು ಅವನ ಕಾಲು ಕುಂಬಳಕಾಯಿಯಂತೆ ಬಾತಿತ್ತು.

"ಬಂತು ನೋಡ್ರಿ ಸರಕಾರದ ಗಾಡಿ!" ಎಂದು ಕರಿಯವ್ವ ಕೆಂಪು ಕ್ರಾಸಿಗೆ ಕೈ ಮುಗಿದಳು. "ಹೊಸಾ ರಾಜ್ಯ ಆಗಿ ವಾರ ಆಗಿಲ್ಲ, ಬಡವರಿಗೆ ಗಾಡಿ ಕಳಿಸ್ಯಾರ. ಡಾಕ್ಟರ್ ಸಾಹೇಬ್ರ, ನನ್ನ ಮಗನ್ನ ಉಳಿಸ್ರಿ!"

ಡಾಕ್ಟರ್ ಸಾಹೇಬ್ರು ಎಂದದ್ದು ಹುಚ್ಚೀರಪ್ಪನವರಿಗೆ. "ನಾವು ಸರಕಾರದವರಲ್ಲವ್ವ" ಎನ್ನಲು ಬಾಯಿ ತೆರೆದ ಸಾವಕಾರರು, ಸುತ್ತ ನೆರೆದ ಜನ ಕೈಮುಗಿದು ನಿಂತದ್ದು ನೋಡಿ ಬಾಯಿ ಮುಚ್ಚಿದರು. ಗಂಭೀರವಾಗಿ ಹೊಳೆಯಪ್ಪನ ಕೈನಾಡಿ ಹಿಡಿದರು. ಮುರಿದದ್ದು ಕಾಲು.

"ಎಲುಬ ಸರದೈತಿ" ಎಂದರು.

"ಹೌದ್ರೀ ಸಾಹೇಬ್ರ, ಖರೆ ಹೇಳಿದ್ರಿ! ಮುಂಡರಗಿ ದಾಟಿದ ಮ್ಯಾಲ ಹೊಳಿಸಾಲ ಹಳ್ಳ್ಯಾಗ ಎಲುಬು ಕಟ್ಟಾವ ಅದಾನ. ಅಲ್ಲಿ ಮುಟ್ಟಿಸಿಬಿಡ್ರಿ."

ಹಲಗೆಯ ಮೇಲೆ ಹೊಳೆಯಪ್ಪ ಮಲಗಿದ. ಇನ್ನೊಂದು ಹಲಗೆಯ ಮೇಲೆ ಕರಿಯವ್ವ ಕೂತಳು. ಸಾವಕಾರರು ಸ್ಟೋವಿನ ಪಕ್ಕ ಮುದುರಿಕೊಂಡರು. ವ್ಯಾನು ಎರೆಭೂಮಿಯ ನಡುವೆ, ಜೋಳದ ಹಸಿರಿನ ನಡುವೆ ಕುಲುಕುತ್ತ ಹೋಯಿತು. ಮುಂದೆ ಕೂತ ವಿರೂಪಾಕ್ಷಪ್ಪನಿಗೆ ಗಾಳಿಗೆ ಬಾಗಿ ಏಳುವ ಬೆಳೆಯೇ ಅಲೆಯಂತೆ ಕಂಡು ಕಣ್ಣು ಎಳೆಯತೊಡಗಿತು. ದಾರಿ ಈಗ ಕರಿಯವ್ವನೇ ಹೇಳುತ್ತಿದ್ದಳು.

ಎಲುಬು ಕಟ್ಟುವವನ ಮನೆಯಲ್ಲಿ ತಾಯಿಮಗನನ್ನು ಇಳಿಸುವಾಗ ಬಿಸಿಲು ಇಳಿದಿತ್ತು. ಇವತ್ತು ಸಮುದ್ರದ ಆಸೆ ಮುಗಿಯಿತೆಂದು ಎಲ್ಲರ ಮುಖವೂ ಸಣ್ಣದಾಗಿತ್ತು. ಖಾಸಿಂಸಾಬ ಸುಮ್ಮನಿರಲಾರದೆ ಎಲುಬು ಕಟ್ಟುವವನನ್ನು ಕೇಳಿದ: "ಅಜ್ಜಾರ, ಇಲ್ಲಿ ಆಚಿ ದಂಡಿ ಕಾಣದಂಥಾ ನೀರು ಎಲ್ಲೈತಿ?"

"ಇಲ್ಲೇ ಐತಲ್ಲೋ, ಆ ದಿಬ್ಬ ಏರಿದ್ರ ಆತು. ಕಣ್ಣು ಹೋಗೂತನಕ ನೀರು" ಎಂದ ಮುದುಕ, ಹೊಳೆಯಪ್ಪನ ಕಾಲಿನಿಂದ ಕಣ್ಣು ಎತ್ತದೆ.

ದಿಬ್ಬ ಏರಿ ವ್ಯಾನು ತಾನಾಗಿಯೇ ನಿಂತಂತೆ ನಿಂತಿತು.

ಕೆಳಗೆ ನೀರು. ಎಡಕ್ಕೆ ನೀರು, ಬಲಕ್ಕೆ ನೀರು, ಎದುರಿಗೆ ಆಕಾಶದ ಬುಡದವರೆಗೆ ನೀರು. ಸಂಜೆಯ ಬೆಳಕು ಅದರ ಮೇಲೆ ಅರಿಸಿನ ಚೆಲ್ಲಿತ್ತು. ಸಣ್ಣ ಅಲೆಗಳು ದಂಡೆಗೆ ಬಂದು ಏನೋ ಹೇಳಿ ಹಿಂದೆ ಹೋಗುತ್ತಿದ್ದವು. ವಿರೂಪಾಕ್ಷಪ್ಪ ಎಲ್ಲರ ಮುಂದೆ ದಂಡೆಗೆ ಇಳಿದ. ಅವನು ಇಷ್ಟು ವರ್ಷ ಕಟ್ಟೆಯ ಮೇಲೆ ಕೂತು ಕಟ್ಟಿದ ನೀರು ಇದೇ, ಹೀಗೆಯೇ ಇತ್ತು. ತಾನು ಹೇಳಿದ್ದೆಲ್ಲ ಖರೆಯಾಯಿತೆಂದು ಅವನ ಕಣ್ಣಲ್ಲಿ ನೀರು ಬಂತು.

"ನೋಡ್ರಿ" ಎಂದ. "ಸಮುದ್ರ."

ಸಾವಕಾರರು ತಲೆಯ ಪಟಕಾ ತೆಗೆದು ಕೈಮುಗಿದರು. ಆಯಿ ನೀರಿಗೆ ಕುಂಕುಮ ಹಾಕಿದಳು. ಆಮೇಲೆ ಹಿಂದೆ ತಿರುಗಿ ಹುಬ್ಬು ಗಂಟಿಕ್ಕಿದಳು.

"ತಮ್ಮಾ, ಸೂರ್ಯ ಸಮುದ್ರದಾಗ ಮುಳಗ್ತಾನ ಅಂತಿದ್ದೆಲ್ಲ? ನಮ್ಮ ಬೆನ್ನಿಂದ ಜ್ವಾಳದ ಹೊಲದಾಗ ಇಳ್ಯಾಕ ಹತ್ಯಾನ."

ವಿರೂಪಾಕ್ಷಪ್ಪನೂ ನೋಡಿದ. ಹೌದು, ಇಳಿಯುತ್ತಿದ್ದ. "ಅದು ಕಾರವಾರದ ದಂಡಿ ಆಯಿ. ಇದು ಬ್ಯಾರೆ ದಂಡಿ" ಎಂದ.

ಅಷ್ಟರಲ್ಲಿ ಖಾಸಿಂಸಾಬನ ಗಾಳಕ್ಕೆ ಮೀನು ಬಿತ್ತು. ಅವನು ಅದನ್ನು ತಿರುವಿ ಮುರುವಿ ನೋಡಿದ. "ಅಣ್ಣಾರ, ಇದು ಮುಂಡರಗಿ ಸಂತ್ಯಾಗ ಮಾರೂ ಹೊಳಿ ಮೀನು ಅಲ್ಲನ್ರಿ?"

"ಹೊಳಿ ಎಲ್ಲಾ ಕಡೀಕ ಎಲ್ಲಿಗೆ ಹೋಗ್ತಾವ? ಸಮುದ್ರಕ್ಕ. ಮೀನಾ ಹಿಂದ ಉಳೀತಾವೇನು?" ಎಂದ ವಿರೂಪಾಕ್ಷಪ್ಪ.

ಖಾಸಿಂಸಾಬ ತಲೆದೂಗಿದ. ಗುರುಸಿದ್ದವ್ವ ಮಾತ್ರ ಬಗ್ಗಿ ಬೊಗಸೆ ನೀರು ಎತ್ತಿ ಕುಡಿದಳು. ಇನ್ನೊಂದು ಬೊಗಸೆ ಕುಡಿದಳು.

"ಏನ್ರೀ, ಸಿಹಿ ಐತಲ್ಲ!"

ಎಲ್ಲರೂ ವಿರೂಪಾಕ್ಷಪ್ಪನ ಕಡೆ ತಿರುಗಿದರು. ಇದು ಸಮುದ್ರವೆಂದರೆ, ಉಪ್ಪುಪ್ಪು ಎಂದು ಇಷ್ಟು ವರ್ಷ ಹೇಳಿದ್ದು ಸುಳ್ಳು. ಸಮುದ್ರವಲ್ಲವೆಂದರೆ, ಸಮುದ್ರ ಕಂಡವನು ಗುರುತು ಹಿಡಿಯದೆ ಹೋದದ್ದು ಹೇಗೆ? ಹೋಗಲಿ, ಯಾವುದು ನಿಜವೆಂದು ಅವನಿಗಾದರೂ ಗೊತ್ತಿತ್ತೇ?

"ದಂಡ್ಯಾಗಿನ ನೀರು ಸಿಹೀನ ಇರತೈತಿ. ಉಪ್ಪು ಎಲ್ಲಾ ಒಳಗ" ಎಂದ.

"ಹಂಗಾದ್ರ ಒಳಗ ಹೋಗಿ ಒಂದ ತಂಬಿಗಿ ತಾ" ಎಂದರು ಸಾವಕಾರರು. "ಊರಾಗ ಎಲ್ಲಾರಿಗೂ ಒಂದೊಂದ ಹನಿ ನೆಕ್ಕಿಸೂಣು."

ಖಾಸಿಂಸಾಬ ಟ್ಯೂಬನ್ನು ಅವನ ಕಣ್ಣಿಗೆ ಬಿಗಿದ, ಬಾಯಿಗೆ ದಂಟು ತುರುಕಿದ. ತಂಬಿಗೆ ಹಿಡಿದು ವಿರೂಪಾಕ್ಷಪ್ಪ ಎದೆಮಟ್ಟ ನೀರಿಗೆ ಹೋಗಿ, ದೇವರ ಹೆಸರು ಹೇಳಿ ಮುಖ ಮುಳುಗಿಸಿದ.

ಸಪ್ಪಳವೆಲ್ಲ ನಿಂತುಹೋಯಿತು. ಗಾಜಿನಾಚೆ ಹಸಿರು ಬೆಳಕು. ಬೆಳಕಿನಲ್ಲಿ ಸಣ್ಣ ಮೀನುಗಳು ಒಂದರ ಹಿಂದೊಂದು, ಶಾಲೆ ಬಿಟ್ಟ ಮಕ್ಕಳಂತೆ ಹೋಗುತ್ತಿದ್ದವು. ಅವನು ಭಯ ಮರೆತು ಅವುಗಳ ಹಿಂದೆಯೇ ಕಣ್ಣು ಹಾಯಿಸಿದ. ಮೀನುಗಳು ಒಂದು ಕಲ್ಲಿನ ಹೊಸ್ತಿಲು ದಾಟಿದವು. ಹೊಸ್ತಿಲಿನಾಚೆ ಅರ್ಧ ಕರಗಿದ ಮಣ್ಣಿನ ಗೋಡೆ. ಗೋಡೆಯ ಬುಡದಲ್ಲಿ ಒಂದು ಒರಳು, ಯಾರೋ ಈಗಷ್ಟೇ ಹಿಟ್ಟು ರುಬ್ಬಿ ಎದ್ದು ಹೋದಂತೆ. ಒಂದು ಮರಿಮೀನು ಒರಳಿನ ಕುಳಿಯೊಳಗೆ ಸುತ್ತುತ್ತಿತ್ತು.

ಸಮುದ್ರದಲ್ಲಿ ಹಿಟ್ಟು ರುಬ್ಬುವವರು ಯಾರು? ಹೊಸಪೇಟೆಯ ಹೊಸ ಆಣೆಕಟ್ಟಿನಲ್ಲಿ ಊರುಗಳೇ ಮುಳುಗಿದವೆಂದು ಅವನು ಕೇಳಿದ್ದ. ನಿಂತ ತುಂಗಭದ್ರೆ ಹಿಂದೆ ಹಿಂದೆ ಸರಿಯುತ್ತ ಇಲ್ಲಿಯವರೆಗೂ ಬಂದಿದ್ದಳು. ಯಾರದೋ ಮನೆಯ ಹೊಸ್ತಿಲ ಮೇಲೆ ನಿಂತು ತಾನು ಸುಳ್ಳು ಹುಡುಕುತ್ತಿದ್ದೇನೆ ಎನಿಸಿ ಅವನಿಗೆ ನಾಚಿಕೆಯಾಯಿತು. ಆದರೂ ಇಷ್ಟು ಚಂದದ್ದನ್ನು ಅವನು ಬದುಕಿನಲ್ಲಿ ನೋಡಿರಲಿಲ್ಲ. ಉಸಿರು ಕಟ್ಟುವವರೆಗೂ ನೋಡಿದ.

ದಂಡೆಗೆ ಬಂದು ಗಾಜು ಕಳಚಿದ. ತಂಬಿಗೆ ಖಾಲಿಯಿತ್ತು.

"ಇದು ಸಮುದ್ರ ಅಲ್ಲ. ಡ್ಯಾಮಿನ ನೀರು" ಎಂದ. "ಇನ್ನೊಂದು ಮಾತು. ನಾ ಕಾರವಾರಕ್ಕ ಹೋಗೇ ಇಲ್ಲ. ಹುಬ್ಬಳ್ಯಾಗ ಜ್ವರ ಬಂದು ಮಲಗಿದ್ದೆ. ನಾ ಸಮುದ್ರ ನೋಡಿಲ್ಲ."

ಬೈಗುಳಕ್ಕೆ ತಲೆ ಬಗ್ಗಿಸಿ ನಿಂತ. ಒಬ್ಬರೂ ಬೈಯಲಿಲ್ಲ. ಸಾವಕಾರರು ನೀರನ್ನೇ ನೋಡುತ್ತ ಬಹಳ ಹೊತ್ತು ಮೀಸೆ ತೀಡಿದರು. ಕಡೆಗೆ "ಆತು ಬಿಡಪ್ಪ. ಥಂಡಿ ಆದೀತು, ಮೈ ಒರಸ್ಕೊ" ಎಂದರು. ಗುರುಸಿದ್ದವ್ವ ಅವನ ತಲೆ ಒರೆಸಿ ಕೈಗೆ ರೊಟ್ಟಿ ಕೊಟ್ಟಳು. ಅಂದು ಆ ದಂಡೆಯಲ್ಲಿ ಶೇಂಗಾ ಚಟ್ನಿಯ ಜೊತೆ ತಿಂದ ರೊಟ್ಟಿಯಷ್ಟು ರುಚಿ ಅವನು ಕಂಡಿರಲಿಲ್ಲ. ಖರೆ ಹೇಳಿದರೆ ಇಷ್ಟು ಹಗುರಾಗುತ್ತದೆಂದು ಗೊತ್ತಿದ್ದರೆ ಎಂದೋ ಹೇಳುತ್ತಿದ್ದೆನಲ್ಲ ಎಂದುಕೊಂಡ. ತಿರುಗಿ ಬರುವಾಗ ದಾರಿಯುದ್ದಕ್ಕೂ ಹಲಗೆಯ ಮೇಲೆ ಕೂಸಿನಂತೆ ನಿದ್ದೆ ಹೋದ.

ಮರುದಿನ ಸಂಜೆ ಅವನು ಅಂಗಡಿಯ ಕೆಲಸ ಮುಗಿಸಿ ಕಟ್ಟೆಗೆ ಬಂದರೆ ಕಾಲಿಡಲು ಜಾಗವಿಲ್ಲ. ನಡುವೆ, ಅವನ ಜಾಗದಲ್ಲಿ, ಹುಚ್ಚೀರಪ್ಪನವರು ಕೂತಿದ್ದರು.

"ಉಪ್ಪಂದ್ರ ಏನ್ ಉಪ್ಪರೀ!" ಎನ್ನುತ್ತಿದ್ದರು. "ಒಂದ ಗುಟುಕು ಕುಡದೆ, ನಾಲಿಗಿ ಸುಟ್ಟಂಗಾತು. ಸೂರ್ಯ ಅಂತೂ ಕಾದ ಹಂಚು ನೀರಾಗ ಅದ್ದಿದಂಗ ಚೊಂಯ್ ಅಂತ ಮುಳಗಿದ!"

"ಮೀನು ನಮ್ಮ ವ್ಯಾನಿನಷ್ಟು ಇತ್ರೀ" ಎಂದ ಖಾಸಿಂಸಾಬ. "ಎಳದ್ರ ನಾನ ನೀರಿಗೆ ಬೀಳ್ತಿದ್ದೆ."

ಎದುರಿನ ಬಾವಿಯ ಹತ್ತಿರ ಗುರುಸಿದ್ದವ್ವನ ಸುತ್ತ ಹೆಂಗಸರು ನೆರೆದಿದ್ದರು. "ಇನ್ನೂ ತುಟಿ ಉರ್ಯಾಕ ಹತ್ಯಾವವ್ವ" ಎನ್ನುತ್ತಿದ್ದಳು ಅವಳು.

ವಿರೂಪಾಕ್ಷಪ್ಪ ಬೆಪ್ಪಾಗಿ ನಿಂತ. ನೇಕಾರರ ಲಕ್ಷ್ಮಪ್ಪ ಅವನನ್ನು ಕಂಡು ಕೂಗಿದ: "ವಿರೂಪಾಕ್ಷಣ್ಣ, ನೀ ಹೇಳು, ಇವರು ಹೇಳೂದು ಖರೇನ?"

"ಅವನ್ನ ಏನ್ ಕೇಳ್ತಿ?" ಎಂದರು ಸಾವಕಾರರು, ಸಿಟ್ಟಿಲ್ಲದೆ, ಕನಿಕರದಿಂದಲೇ. "ಅವ ಸಮುದ್ರ ನೋಡೇ ಇಲ್ಲ. ತಾನ ಬಾಯಿಬಿಟ್ಟು ಹೇಳ್ಯಾನ, ನಾವೆಲ್ಲಾ ಕೇಳೇವಿ. ಬೇಕಾದ್ರ ಅವನ ಹೆಂಡ್ತಿನ್ನ ಕೇಳು."

ಕಟ್ಟೆಯವರೆಲ್ಲ ಅವನತ್ತ ತಿರುಗಿ ಮೂಗಿನ ಮೇಲೆ ಬೆರಳಿಟ್ಟರು. ಕಟ್ಟೆಯ ತುದಿಯಲ್ಲಿ, ಗಟಾರದ ಪಕ್ಕ ಕೂತಿದ್ದ ಸಿದ್ದಲಿಂಗಾಯಿಗೆ ಮಾತ್ರ ಕರುಳು ಚುರ್ ಎಂದಿತು. ಅವಳು ಸ್ವಲ್ಪ ಸರಿದು ಜಾಗ ಮಾಡಿದಳು.

"ಬಾ ತಮ್ಮಾ, ಇಲ್ಲಿ ಕುಂತು ಕೇಳು" ಎಂದಳು. "ಬ್ಯಾಸರ ಮಾಡ್ಕೋಬ್ಯಾಡ. ಮುಂದಿನ ಸಲ ನಾವು ಹೋಗೂವಾಗ ನಿನ್ನೂ ಕರಕೊಂಡು ಹೋಗ್ತೀವಿ."