ಲಕ್ಷ ಮಂದಿಗೆ ರೊಟ್ಟಿ ಬಡಿದವರು ಯಾರು?

ನಮ್ಮ ಅತ್ತೆಗೆ ಒಂದಕ್ಷರ ಓದಲು ಬರುತ್ತಿರಲಿಲ್ಲ. ಆದರೂ ಬ್ಯಾಡಗಿಯಲ್ಲಿ ಅವರಷ್ಟು ಕಾದಂಬರಿಗಳನ್ನು ತಳ್ಳಿಹಾಕಿದವರು ಇನ್ನೊಬ್ಬರಿಲ್ಲ! ಆ ಬುಧವಾರ ಮಧ್ಯಾಹ್ನವೂ ಪಡಸಾಲೆಯಲ್ಲಿ ಕುಳಿತು, ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ, ನಡುನಡುವೆ ಸೀನುತ್ತ, ವಿಜಯನಗರದ ಇಡೀ ಸೈನ್ಯವನ್ನು ತಡೆದು ನಿಲ್ಲಿಸಿದ್ದರು. ಅದು ನಮ್ಮ ಕೊನೆಯ ಓದು ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ನಾನು ರಾಣೆಬೆನ್ನೂರಿನಿಂದ ಸೊಸೆಯಾಗಿ ಬಂದಾಗ ನಮ್ಮಿಬ್ಬರಿಗೆ ಮಾತಾಡಲು ಏನೂ ಇರಲಿಲ್ಲ. ಏಳನೆಯ ಇಯತ್ತೆಯವರೆಗೆ ಓದಿದ್ದೆನಲ್ಲ, ಲೈಬ್ರರಿಯಿಂದ ಪುಸ್ತಕ ತಂದು ಗಟ್ಟಿಯಾಗಿ ಓದತೊಡಗಿದೆ. ಅತ್ತೆಗೆ ಹಿಡಿಸಿದ್ದು ಒಂದೇ ಜಾತಿಯ ಕಾದಂಬರಿ: ಸೋತ ರಾಜ ಗೆದ್ದಿದ್ದರೆ? ಹಾಳಾದ ಪಟ್ಟಣ ಹಾಳಾಗದೇ ಇದ್ದಿದ್ದರೆ? ಜೊತೆಗೆ ಒಬ್ಬ ಮಂತ್ರವಾದಿ ಇರಲೇಬೇಕು. ಬುಧವಾರದ ಕಾದಂಬರಿಯಲ್ಲಿ ವಿಜಯನಗರ ಬಿದ್ದೇ ಇರಲಿಲ್ಲ. ಸೈನ್ಯ ಹಾರುವ ಕುದುರೆಗಳ ಮೇಲೆ ಹೊಳೆ ದಾಟಿ, ಊಟ ಮಾಡಿ, ಯುದ್ಧಕ್ಕೆ ನಿಂತಿತ್ತು.

"ತಡಿ," ಎಂದರು ಅತ್ತೆ. "ಲಕ್ಷ ಮಂದಿ ಉಂಡ್ರು ಅಂದಿ. ರೊಟ್ಟಿ ಬಡದೋರು ಯಾರು?"

"ಅದನ್ನ ಬರದಿಲ್ಲರಿ ಅತ್ತಿ."

"ಬರದಿಲ್ಲ ಅಂದ್ರ ಬಡದಿಲ್ಲ. ಒಬ್ಬೊಬ್ಬಗ ಎರಡ ಅಂದ್ರೂ ಎರಡ ಲಕ್ಷ ರೊಟ್ಟಿ! ಒಂದ ಒಲಿ ಹೊಗಿನೂ ಕಾಣಲಿಲ್ಲ."

"ಮತ್ತ ಕುದುರಿ ಹಾರಿದ್ದು ನಡೀತೇನ್ರಿ?"

"ಹಾರಿದ್ರ ಹಾರಲಿ. ಕುದುರಿ ಸುದ್ದಿ ನನಗೇನ ಗೊತ್ತು? ರೊಟ್ಟಿ ಸುದ್ದಿ ಗೊತ್ತೈತಿ."

ಅವರ ವಿಮರ್ಶೆಯೆಲ್ಲ ಇಷ್ಟೇ! ಹಿಂದೆ ಓದಿದ ಒಂದು ಕಾದಂಬರಿಯಲ್ಲಿ ಮುನ್ನೂರು ವರ್ಷ ಬದುಕಿದ ರಾಣಿಯನ್ನು ಅವರು ತಕರಾರಿಲ್ಲದೆ ಒಪ್ಪಿಕೊಂಡಿದ್ದರು. ಅದೇ ರಾಣಿ ಹೆರಿಗೆಯಾದ ಹತ್ತನೆಯ ದಿನ ಕತ್ತಿ ಹಿಡಿದಾಗ ಮಾತ್ರ ಸಿಟ್ಟಿಗೆದ್ದರು. "ಬಾಣಂತಿನ್ನ ಹಿಂಗ ಹೊರಗ ಬಿಟ್ರಲ್ಲ, ಅಕೀ ತವರಮನ್ಯಾಗ ಯಾರೂ ಇದ್ದಿಲ್ಲೇನು?"

ಇನ್ನೊಂದು ಕಾದಂಬರಿಯಲ್ಲಿ, ಅದರ ರಾಜನ ಕಾಲದ ಅಡುಗೆಗೆ ಕರಿಮೆಣಸೇ ಗತಿ, ಮೆಣಸಿನಕಾಯಿ ಇನ್ನೂ ಸಮುದ್ರ ದಾಟಿ ಬಂದಿರಲಿಲ್ಲ ಎಂಬ ಒಂದು ಸಾಲಿತ್ತು. ಇಡೀ ಪುಸ್ತಕದಲ್ಲಿ ನಿಜವಾದ ಸಾಲು ಅದೊಂದೇ! ಅತ್ತೆ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು.

"ಮೆಣಸಿನಕಾಯಿ ಇಲ್ಲದ ಬ್ಯಾಡಗಿ! ಸುಳ್ಳಿಗೂ ಒಂದ ಮಿತಿ ಬ್ಯಾಡ?"

"ಖರೇರಿ ಅತ್ತಿ, ನಮಗ ಸಾಲ್ಯಾಗೂ ಹೇಳಿದ್ರು."

"ರಾಣೆಬೆನ್ನೂರ ಸಾಲ್ಯಾಗ ಹೇಳಿರಬೇಕು."

ಎರಡು ದಿನ ಓದು ಬಂದ್!

ಬುಧವಾರದ ಮರುದಿನ ಮುಂಜಾನೆ ಅತ್ತೆ ಎದೆ ಉಜ್ಜಿಕೊಳ್ಳುತ್ತ ಕುಳಿತಿದ್ದರು. "ಎದಿ ಉರಿಯಾಕತ್ತೈತಿ," ಎಂದರು.

"ಎಂಟರ ಬಸ್ಸೈತಿ, ಹಾವೇರಿ ದವಾಖಾನಿಗೆ ಹೋಗೂಣ ನಡೀರಿ," ಎಂದೆ.

"ಎದಿ ಉರದ್ರ ದವಾಖಾನಿಗೆ ಹೋಗೂದಾಗಿದ್ರ ಅರ್ಧ ಬ್ಯಾಡಗಿ ಹಾವೇರ್ಯಾಗ ಇರತಿತ್ತು!"

ನಾನು ನಕ್ಕುಬಿಟ್ಟೆ. ನಗುತ್ತಲೇ ಮಜ್ಜಿಗೆಗೆ ಇಂಗು ಹಾಕಿ ಕೊಟ್ಟೆ. ಅಂಗಡಿಗೆ ಹೋಗಿದ್ದ ನನ್ನ ಗಂಡ ಅತ್ತೆ ಕುಸಿದ ಸುದ್ದಿ ಕೇಳಿ ಓಡಿಬರುವಷ್ಟರಲ್ಲಿ ಅವರ ತಾಯಿ ಇರಲಿಲ್ಲ.

ಆಮೇಲೆ ನಾನು ಕಾದಂಬರಿ ತರಲಿಲ್ಲ. ತೊಟ್ಟು ಬಿಡಿಸುತ್ತ ನನ್ನದೇ ಒಂದನ್ನು ಕಟ್ಟುತ್ತೇನೆ. ಅದರಲ್ಲಿ ನಾನು ನಗುವುದಿಲ್ಲ. ಇನ್ನೊಮ್ಮೆ ಕೇಳುತ್ತೇನೆ, ಕೈಹಿಡಿದು ಎಬ್ಬಿಸುತ್ತೇನೆ. ಹಾವೇರಿಯಲ್ಲಿ ಡಾಕ್ಟರು ಇಂಜೆಕ್ಷನ್ ಕೊಡುತ್ತಾರೆ. ಸಂಜೆ ಬಸ್ಸಿನಲ್ಲಿ ಅತ್ತೆ ದವಾಖಾನೆಯ ಚಹಾವನ್ನು ಬೈಯುತ್ತ ಮರಳುತ್ತಾರೆ. ಮಂತ್ರವಾದಿ ಇಲ್ಲ, ಹಾರುವ ಕುದುರೆ ಇಲ್ಲ. ಆ ದಿನ ಬಸ್ಸು ಇತ್ತು, ಡಾಕ್ಟರೂ ಇದ್ದರು. ಎಲ್ಲಾದರೂ ತಪ್ಪಿದೆಯೇ ಎಂದು ಮತ್ತೆ ಮತ್ತೆ ನೋಡುತ್ತೇನೆ.

"ನೀ ಇನ್ನೊಮ್ಮಿ ಕೇಳಿದ್ರೂ ಅವ್ವ ಏಳತಿದ್ದಿಲ್ಲ ಬಿಡು," ಎನ್ನುತ್ತಾರೆ ನನ್ನ ಗಂಡ. ಅದು ನನ್ನ ಸಮಾಧಾನಕ್ಕೆ ಹೇಳುವ ಮಾತು.

ಇನ್ನೊಮ್ಮೆ ಕೇಳಿದ್ದರೆ ಅತ್ತೆ ಎದ್ದು ಬರುತ್ತಿದ್ದರೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಅದನ್ನು ಹೇಳಬಲ್ಲವರು ಅವರೊಬ್ಬರೇ ಇದ್ದರು.