ಏಳು ಗಂಟೆಗೆ ಮೊದಲಿನ ಮೀನು

ಮನುಷ್ಯ ತನ್ನ ಮನೆಯವರಿಗೆ ಶಿಸ್ತು ಕಲಿಸಲು ಹೊರಡಬಾರದು. ಊರಿನವರಿಗೆ ಬೇಕಾದರೆ ಕಲಿಸಬಹುದು. ಸಿಟಿ ಬಸ್ಸಿನ ಫುಟ್‌ಬೋರ್ಡಿನಲ್ಲಿ ನೇತಾಡುವವರಿಗೂ ಎರಡು ಬುದ್ಧಿಮಾತು ಹೇಳಿ ನೋಡಬಹುದು. ಅವರು ಹೇಗೂ ಕೇಳುವುದಿಲ್ಲ, ಆದ್ದರಿಂದ ಅಪಾಯವೂ ಇಲ್ಲ. ಮನೆಯವರ ತೊಂದರೆ ಏನೆಂದರೆ, ಅವರು ಒಮ್ಮೊಮ್ಮೆ ಕೇಳಿಬಿಡುತ್ತಾರೆ. ನನ್ನ ಮನೆಯವರು ಕೇಳಿಬಿಟ್ಟರು. ಅದರಿಂದ ನಾನು ಪಟ್ಟ ಪಾಡನ್ನು ನಿಮ್ಮ ಮುಂದೆ ಹೇಳಿಕೊಳ್ಳದೆ ಇನ್ಯಾರ ಮುಂದೆ ಹೇಳಲಿ? ಮನೆಯಲ್ಲಿ ಹೇಳಿದರೆ ನಗುತ್ತಾರೆ.

ನಮ್ಮದೊಂದು ಕುಟುಂಬದ ವಾಟ್ಸಾಪ್ ಗ್ರೂಪು ಉಂಟು. ಅದಕ್ಕೆ ಹಗಲು ರಾತ್ರಿ ಎಂಬ ಭೇದವೇ ಇರಲಿಲ್ಲ. ಮಸ್ಕತ್ತಿನಲ್ಲಿರುವ ತಮ್ಮ ಅಲ್ಲಿ ಆರಾಮವಾಗಿ ಊಟ ಮುಗಿಸಿ, ಇಲ್ಲಿ ನಾವು ಗೊರಕೆ ಹೊಡೆಯುವ ಹೊತ್ತಿಗೆ ತಾನು ತಿಂದ ಬಿರಿಯಾನಿಯ ಚಿತ್ರ ಕಳಿಸುತ್ತಿದ್ದ. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಗಣಪತಿಯ ಚಿತ್ರ ಕಳಿಸುವವಳು ನಮ್ಮ ಚಿಕ್ಕಮ್ಮ. ಚಿಕ್ಕಮ್ಮ ಎಂದರೆ ಅಮ್ಮನ ತಂಗಿ. ಅಮ್ಮ ಹೋದ ಮೇಲೆ ನಮ್ಮನ್ನೆಲ್ಲ ಸಾಕಿ ದೊಡ್ಡವರನ್ನಾಗಿ ಮಾಡಿದವಳು. ಈಗ ಪಡೀಲಿನ ನಮ್ಮ ಮನೆಯಲ್ಲೇ, ನನ್ನ ಪಕ್ಕದ ಕೋಣೆಯಲ್ಲೇ ಇದ್ದಾಳೆ. ಅವಳ ಗಣಪತಿ ಗೋಡೆ ದಾಟಿ ಬರಲು ಆಕಾಶಕ್ಕೆಲ್ಲ ಹೋಗಿ ಬರಬೇಕು. ನಾಲ್ಕು ಹೆಜ್ಜೆ ನಡೆದು ಬಂದು ಬಾಯಲ್ಲೇ ಶುಭೋದಯ ಹೇಳಬಹುದಲ್ಲ ಎಂದು ಒಮ್ಮೆ ಕೇಳಿದ್ದೆ. "ನೀನು ಬಾಗಿಲು ಹಾಕಿ ಮಲಗ್ತಿ ಮಗಾ, ಗಣಪತಿಗೆ ಬಾಗಿಲು ಬೇಡ" ಎಂದಳು.

ಗಣಪತಿಯ ಹಿಂದೆಯೇ ಮೀನು ಬರುತ್ತಿತ್ತು. ಅದು ನನ್ನ ಅಕ್ಕ ಸುನಂದಕ್ಕನ ಇಲಾಖೆ. ಅಕ್ಕನ ಮನೆ ಬೋಳಾರದಲ್ಲಿ. ಬೆಳಕು ಹರಿಯುವ ಮೊದಲೇ ಅವಳು ಮೀನಿನ ದಕ್ಕೆಗೆ ಹೋಗಿ, ಬೋಟಿನಿಂದ ಆಗ ತಾನೇ ಇಳಿದ ಮೀನಿನ ಮುಂದೆ ನಿಂತು ಫೋಟೋ ಹೊಡೆದು ಹಾಕುತ್ತಿದ್ದಳು. "ಬಂಗುಡೆ ಉಂಟು, ಬೇಕಾ? ಬೇಗ ಹೇಳಿ." ಅರೆ ನಿದ್ದೆಯಲ್ಲಿ "ಬೇಕು" ಎಂದು ಒತ್ತಿದರೆ ಸಾಕು. ಪಡೀಲಿನಾಚೆ ಟೈಲ್ಸ್ ಅಂಗಡಿ ಇಟ್ಟಿರುವ ಭಾವ ಅಂಗಡಿಗೆ ಹೋಗುವಾಗ ನಮ್ಮ ಗೇಟಿಗೆ ಚೀಲ ಸಿಕ್ಕಿಸಿ, ಎರಡು ಸಲ ಹಾರ್ನ್ ಹೊಡೆದು ಹೋಗುತ್ತಿದ್ದರು. ಇಷ್ಟು ಸುಖವಾಗಿದ್ದ ವ್ಯವಸ್ಥೆಗೆ ನಾನೇ ಕಲ್ಲು ಹಾಕಿಕೊಂಡೆ.

ನನ್ನ ಕೆಲಸ ಪಣಂಬೂರಿನಲ್ಲಿ, ಸರಕು ಸಾಗಣೆಯ ಒಂದು ಸಣ್ಣ ಕಚೇರಿಯಲ್ಲಿ. ಅಲ್ಲಿಗೆ ಒಂದು ದಿನ ಟೈ ಕಟ್ಟಿದ ಮನುಷ್ಯನೊಬ್ಬ ಬಂದು ನಮಗೆಲ್ಲ ಶಿಷ್ಟಾಚಾರದ ತರಬೇತಿ ಕೊಟ್ಟ. ಹೊತ್ತಲ್ಲದ ಹೊತ್ತಿನಲ್ಲಿ ಮೆಸೇಜು ಕಳಿಸುವುದು, ಇನ್ನೊಬ್ಬರ ಮಲಗುವ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದ ಹಾಗೆ ಎಂದ. ನನಗೆ ಮೈ ಜುಮ್ಮೆಂದಿತು. ಆ ತರಬೇತಿ ಎಷ್ಟು ಚೆನ್ನಾಗಿತ್ತು ಎಂದು ನಮ್ಮ ಮ್ಯಾನೇಜರು ರಾತ್ರಿ ನಾನು ಮಲಗಿದ ಮೇಲೆ ಮೆಸೇಜು ಕಳಿಸಿದರು. ಅವರಿಗೆ ತಿರುಗಿ ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು? ಮರುದಿನ ಆ ಸಿಟ್ಟನ್ನೆಲ್ಲ ಕುಟುಂಬದ ಗ್ರೂಪಿನಲ್ಲಿ ತೀರಿಸಿಕೊಂಡೆ. "ಇನ್ನು ಮುಂದೆ ಬೆಳಗ್ಗೆ ಏಳರ ಮೊದಲು ಮತ್ತು ರಾತ್ರಿ ಒಂಬತ್ತರ ನಂತರ ಯಾರೂ ಸಂದೇಶ ಕಳುಹಿಸಬಾರದಾಗಿ ವಿನಂತಿ. ತುರ್ತು ವಿಷಯಗಳಿಗೆ ವಿನಾಯಿತಿ ಇದೆ." ಓದಿ ನೋಡಿದರೆ ಬ್ಯಾಂಕಿನ ನೋಟಿಸಿನ ಹಾಗೆ ಗಂಭೀರವಾಗಿತ್ತು. ನನಗೇ ನನ್ನ ಮೇಲೆ ಗೌರವ ಬಂತು.

ಅಕ್ಕ "ಆಯ್ತು" ಎಂದು ಉತ್ತರಿಸಿದಳು. ಅಷ್ಟೇ. ನನ್ನ ಹೆಂಡತಿ ಲತಾ ಅದನ್ನು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡಳು. "ಎಂತ ಮಾಡಿದ್ದು ಮಾರಾಯ್ರೆ ನೀವು? ನಿಮ್ಮ ಅಕ್ಕ ಒಂದು ವಿಷಯಕ್ಕೆ ಒಂದೇ ಶಬ್ದ ಹೇಳಿದ್ದು ಯಾವತ್ತಾದ್ರೂ ಉಂಟಾ?"

ಮರುದಿನ ಸರಿಯಾಗಿ ಏಳು ಗಂಟೆಗೆ ಅಕ್ಕನ ಮೆಸೇಜು ಬಂತು. "ಬೆಳಗ್ಗೆ ಕಾಣೆ ಮೀನು ಇತ್ತು. ಒಳ್ಳೆ ಫ್ರೆಶ್. ಈಗ ಖಾಲಿ. ಶುಭದಿನ." ಅದರ ಮರುದಿನ, "ಇವತ್ತು ಅಂಜಲ್ ಇತ್ತು. ನೀನು ಮಲಗಿದ್ದಿ ಅಂತ ಕೇಳಲಿಲ್ಲ." ಮೂರನೆಯ ದಿನದಿಂದ ಅದೂ ನಿಂತಿತು. ಚಿಕ್ಕಮ್ಮನ ಗಣಪತಿಯೂ ಏಳರ ತನಕ ಕಾಯಲಾರದೆ ಮರೆತೇ ಹೋದ. ಪೂಜೆ, ಕಾಫಿ, ಪೇಪರು ಎಂದು ಒಮ್ಮೆ ಕೆಲಸ ಶುರುವಾದರೆ ಅವಳಿಗೆ ಮತ್ತೆ ಫೋನಿನ ನೆನಪಿರುವುದಿಲ್ಲ.

ನಾವು ಮಾರ್ಕೆಟ್ಟಿನ ಮೀನಿಗೆ ಇಳಿದೆವು. ಐಸಿನಲ್ಲಿ ಮಲಗಿ ಮಲಗಿ ಸಮುದ್ರವನ್ನೇ ಮರೆತ ಬಂಗುಡೆ ಅದು. ಚಿಕ್ಕಮ್ಮ ಒಂದು ತುಂಡು ಬಾಯಿಗಿಟ್ಟು ತಟ್ಟೆ ಸರಿಸಿದಳು. "ಇದಕ್ಕಿಂತ ಬರೀ ಗಂಜಿ ಸಾಕು" ಎಂದವಳು ಮಾರನೆಯ ದಿನವೂ ಗಂಜಿಯೇ ಎಂದಳು, ಅದರ ಮಾರನೆಯ ದಿನವೂ. ಕೊನೆಗೆ ಮೆಲ್ಲಗೆ, "ಸುನಂದ ಬೂತಾಯಿ ಮೀನು ಕಳಿಸುವುದಿಲ್ಲವಾ ಈಗ? ಅವಳಿಗೆ ಎಂತ, ಬೇಸರವಾ ನಮ್ಮ ಮೇಲೆ?" ಎಂದು ಕೇಳಿದಳು. ನಿಜ ಹೇಳುತ್ತೇನೆ, ಮೀನಿನ ಆಸೆ ಒಂದು ಪಾಲು, ಅಕ್ಕನ ಮಾತಿಲ್ಲದ ಬೇಸರ ಮೂರು ಪಾಲು. ಯಾವ ನಿದ್ದೆಯನ್ನು ಉಳಿಸಿಕೊಳ್ಳಲು ಇಷ್ಟೆಲ್ಲ ಮಾಡಿದೆನೋ ಆ ನಿದ್ದೆಯೂ ಬರುತ್ತಿರಲಿಲ್ಲ. ಅಕ್ಕ ದಕ್ಕೆಗೆ ಹೋಗುವ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತಿತ್ತು. ಸುಮ್ಮನಿರುವ ಫೋನನ್ನು ನೋಡುತ್ತಾ ಮಲಗಿರುತ್ತಿದ್ದೆ.

"ನೀವೇ ಒಂದು ಮಾತು ಹಾಕಿ. ಮರ್ಯಾದೆ ಎಂತ ಸವೆದು ಹೋಗ್ತದಾ?" ಎಂದು ಲತಾ ದಿನಾ ತಿವಿಯುತ್ತಿದ್ದಳು. ಒಂದು ಭಾನುವಾರ ಮುಂಜಾನೆ, ಇನ್ನೂ ಕತ್ತಲಿರುವಾಗಲೇ, ಗಟ್ಟಿ ಮನಸ್ಸು ಮಾಡಿ ಫೋನು ಎತ್ತಿಕೊಂಡೆ. ಗ್ರೂಪಿನಲ್ಲಿ ಹಾಕಿದರೆ ಎಲ್ಲರೂ ನಗುತ್ತಾರೆಂದು ಅಕ್ಕನಿಗೆ ಮಾತ್ರ ಕಳಿಸೋಣವೆಂದು ಹೊರಟೆ. "ಅಕ್ಕಾ" ಎಂದು ಬರೆದು ಕಳಿಸಿದೆ. ಆಮೇಲೆ "ಬೂತಾಯಿ ಉಂಟಾ?" ಎಂದು ಬರೆಯಬೇಕು. ಅಷ್ಟರಲ್ಲಿ ನಾಚಿಕೆ ಅಡ್ಡ ಬಂತು. ನಿಯಮ ಮಾಡಿದವನೇ ಮುರಿಯುವುದೇ? ಅದೂ ಬೂತಾಯಿಗಾಗಿ? ಏಳು ಗಂಟೆಗೇ ಉಳಿದದ್ದನ್ನು ಬರೆದರಾಯಿತು ಎಂದು ಫೋನನ್ನು ದಿಂಬಿನಡಿಗೆ ತುರುಕಿ ಮತ್ತೆ ಮಲಗಿದೆ, ಬೆಳಕು ಹರಿಯುವ ಹೊತ್ತಿಗೆ ಎದ್ದು ಸ್ನಾನಕ್ಕೆ ಹೋದೆ. ನನ್ನ ಫೋನು ಏಳರ ತನಕ ಮೌನವ್ರತದಲ್ಲಿರುತ್ತಿತ್ತು. ಹೊಸ ಶಿಸ್ತಿನ ಪ್ರಕಾರ ಲತಾಳದ್ದೂ.

ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುವಾಗ ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ಹಾರ್ನ್ ಇಲ್ಲ. ಬಾಗಿಲು ತೆರೆದರೆ ಭಾವ ನಿಂತಿದ್ದಾರೆ. ನನ್ನ ಹೆಗಲ ಮೇಲೆ ಕೈ ಇಟ್ಟು, "ಧೈರ್ಯ ತಗೊಳ್ಳಿ. ಎಷ್ಟು ಗಂಟೆಗೆ ಆಯ್ತು?" ಎಂದರು. ಅವರ ಹಿಂದೆ ಅಕ್ಕ, ಕಣ್ಣು ಕೆಂಪಗೆ, ಕೈಯಲ್ಲಿ ದೊಡ್ಡ ಫ್ಲಾಸ್ಕು. "ಚಿಕ್ಕಮ್ಮಾ..." ಎಂದು ಒಂದೇ ಸಮನೆ ಅಳುತ್ತಾ ನನ್ನನ್ನು ದಾಟಿ ಒಳಗೆ ನುಗ್ಗಿದಳು.

ಚಿಕ್ಕಮ್ಮ ಕೋಣೆಯಿಂದ ಹೊರಗೆ ಬಂದಳು. ಕೈಯಲ್ಲಿ ಹಲ್ಲುಪುಡಿ. "ಎಂತ ಸುನಂದಾ, ಯಾರು ಹೋದದ್ದು?" ಎಂದು ಗಾಬರಿಯಿಂದ ಕೇಳಿದಳು.

ಅಕ್ಕ ಅವಳನ್ನು ಅಪ್ಪಿ ಹಿಡಿದು ಇನ್ನೂ ಜೋರಾಗಿ ಅತ್ತಳು. ಆಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟಿನ ಆ ಮುಖವನ್ನು ಚಿಕ್ಕಂದಿನಲ್ಲಿ ನೋಡಿದ್ದೆ, ಮತ್ತೆ ನೋಡಿದ್ದು ಅವತ್ತೇ. "ಅಲ್ಲ ಮಾರಾಯ, ತುರ್ತು ಇದ್ರೆ ಮಾತ್ರ ಮೆಸೇಜು ಅಂತ ಹೇಳಿದವ ನೀನು. ಕತ್ತಲೆಗೇ 'ಅಕ್ಕಾ' ಅಂತ ಹಾಕ್ತಿ. ಫೋನ್ ಮಾಡಿದ್ರೆ ಎತ್ತುವುದಿಲ್ಲ. ಚಿಕ್ಕಮ್ಮನ ಗಣಪತಿ ಬಾರದೆ ವಾರ ಆಯ್ತು. ನಾನು ಎಂತ ತಿಳ್ಕೊಳ್ಬೇಕು? ಆ ಗಣಪತಿ ಬಂದ್ರೆ ನನಗೆ ಗೊತ್ತಾಗ್ತಿತ್ತು, ಚಿಕ್ಕಮ್ಮ ಎದ್ದಿದ್ದಾಳೆ, ಆರಾಮ ಇದ್ದಾಳೆ ಅಂತ. ನೀನು ಅದನ್ನೂ ನಿಲ್ಲಿಸಿದಿ."

ಭಾವ ಮೆಲ್ಲಗೆ ಅಂಗಳಕ್ಕಿಳಿದು ಮಸ್ಕತ್ತಿಗೆ ಫೋನು ಹಚ್ಚಿದರು. ದಾರಿಯಲ್ಲೇ ಅಕ್ಕ ಸುದ್ದಿ ಮುಟ್ಟಿಸಿದ್ದರಿಂದ ತಮ್ಮ ಆಗಲೇ ವಿಮಾನದ ಟಿಕೆಟ್ ಹುಡುಕುತ್ತಿದ್ದನಂತೆ. "ಬೇಡ ಮಾರಾಯ, ಹೋಗಲಿಲ್ಲ, ಹಲ್ಲುಜ್ಜುತ್ತಾ ಇದ್ದಾರೆ" ಎಂದು ಭಾವ ಹೇಳುವುದು ಕೇಳಿಸಿತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂದು ಅಕ್ಕ ಫ್ಲಾಸ್ಕಿನಲ್ಲಿ ತಂದಿದ್ದ ಚಹಾವನ್ನು ಎಲ್ಲರೂ ಕುಳಿತು ಕುಡಿದೆವು. ಚಿಕ್ಕಮ್ಮ ಎರಡು ಲೋಟ ಕುಡಿದು, "ನನ್ನ ಸಾವಿನ ಚಹಾ ಒಳ್ಳೆದುಂಟು" ಎಂದಳು. ಅಕ್ಕನಿಗೆ ಅಳುವಿನ ನಡುವೆಯೇ ನಗು ಬಂತು.

"ಅಷ್ಟು ಬೆಳಗ್ಗೆ ಮೆಸೇಜು ಯಾಕೆ ಹಾಕಿದ್ದು ನೀನು?" ಎಂದು ಅಕ್ಕ ಕೇಳಿದಳು. ತಲೆ ತಗ್ಗಿಸಿ ಹೇಳಿದೆ. "ಬೂತಾಯಿ ಉಂಟಾ ಅಂತ ಕೇಳ್ಲಿಕ್ಕೆ."

ಅಕ್ಕ ಹಣೆ ಚಚ್ಚಿಕೊಂಡಳು. "ನಾನು ದಕ್ಕೆಯಲ್ಲೇ ಇದ್ದೆ! ಬೂತಾಯಿ ಚೀಲಕ್ಕೆ ತುಂಬಿಸಿ ಆಗಿತ್ತು. ಜೀವ ಇದ್ದ ಹಾಗೆ ಹೊಳೀತಿತ್ತು. ನಿನ್ನ ಮೆಸೇಜು ನೋಡಿ ವಾಪಸ್ ಕೊಟ್ಟು ಬಂದೆ."

"ವಾಪಸ್ ಯಾಕೆ ಕೊಟ್ಟದ್ದು?" ಎಂದು ಚಿಕ್ಕಮ್ಮ ನಿಜವಾದ ಸಂಕಟದಿಂದ ಕೇಳಿದಳು.

"ಸಾವಿನ ಮನೆಗೆ ಯಾರಾದ್ರೂ ಮೀನು ತರ್ತಾರಾ ಚಿಕ್ಕಮ್ಮಾ?"

ಎಲ್ಲರೂ ನನ್ನನ್ನು ನೋಡಿದರು. ಅವತ್ತು ಮಧ್ಯಾಹ್ನ ಹರಿವೆ ಸೊಪ್ಪಿನ ಸಾಂಬಾರು. ಅಕ್ಕ ಭಾವ ಊಟಕ್ಕೆ ನಿಂತರು. ಮೀನಿಲ್ಲದಿದ್ದರೂ ಚಿಕ್ಕಮ್ಮ ಎರಡನೆಯ ಸಲ ಅನ್ನ ಹಾಕಿಸಿಕೊಂಡಳು.

ಊಟವಾದ ಮೇಲೆ ಚಿಕ್ಕಮ್ಮನೇ ಗ್ರೂಪಿಗೆ ಹೊಸ ನಿಯಮ ಹೇಳಿದಳು. ಬೆಳಗ್ಗೆ ಅವಳ ಗಣಪತಿ ಬಂದ ಕೂಡಲೇ ಎಲ್ಲರೂ ಉತ್ತರ ಕೊಡಬೇಕು. ಉತ್ತರ ಕೊಡದವನು ಸತ್ತ ಎಂದು ಲೆಕ್ಕ, ಸತ್ತವನ ಮನೆಗೆ ಮೀನು ಇಲ್ಲ. ತಮ್ಮನಿಗೆ ಮಾತ್ರ ದೂರದ ದೇಶ ಎಂದು ವಿನಾಯಿತಿ. ನನಗಿಲ್ಲ. ಹಾಗಾಗಿ ಈಗ ಅಲಾರಂ ಇಟ್ಟುಕೊಂಡು ಮಲಗುತ್ತೇನೆ. ಹಕ್ಕಿ ಕೂಗುವ ಮೊದಲೇ ಎದ್ದು, ಒಂದು ಕಣ್ಣು ಮುಚ್ಚಿಕೊಂಡೇ, ಇಡೀ ಕುಟುಂಬಕ್ಕೆ ತಿಳಿಯುವ ಹಾಗೆ ಒತ್ತುತ್ತೇನೆ: "ಜೀವ ಉಂಟು. ಬೂತಾಯಿ ಬೇಕು."