ನೇಪಾಳದಲ್ಲಿ ನಮ್ಮ ಮನೆ

ಪರದೇಶ ಎಂದರೆ ನಮ್ಮವರು ಹೋಗುವ ಬೇರೆಯವರ ಊರು ಎಂದು ನಾನು ಬಹಳ ಕಾಲ ನಂಬಿದ್ದೆ. ನಮ್ಮ ಕಡೆಯ ಹುಡುಗರು ಮಸ್ಕತ್ತಿಗೋ ದುಬೈಗೋ ಹೋಗುತ್ತಾರೆ, ಅಲ್ಲಿಂದ ರೊಕ್ಕ ಕಳಿಸುತ್ತಾರೆ, ಇಲ್ಲಿ ಅವರ ಅಪ್ಪಂದಿರು ಅಂಗಳಕ್ಕೆ ಟೈಲ್ಸ್ ಹಾಕಿಸುತ್ತಾರೆ. ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಪಕ್ಕದ ಮನೆಯ ಈರಪ್ಪನ ಮಗ ಮಸ್ಕತ್ತಿನಲ್ಲಿ ಕ್ರೇನ್ ನಡೆಸುತ್ತಾನೆ. ಅವನು ಹೋದ ಮೇಲೆ ಈರಪ್ಪನ ಕಂಪೌಂಡು ಮೊದಲು ಎತ್ತರವಾಯಿತು, ಆಮೇಲೆ ಅದಕ್ಕೆ ಬಣ್ಣ ಬಂತು, ಆಮೇಲೆ ಎರಡು ಸಿಮೆಂಟಿನ ಸಿಂಹಗಳು ಬಂದು ಅದರ ಮೇಲೆ ನಮ್ಮ ಮನೆಯ ಕಡೆ ಮುಖ ಮಾಡಿ ಕುಳಿತವು. ಅಲ್ಲಿಯವರೆಗೆ ಎಲ್ಲ ಅರ್ಥವಾಗುತ್ತಿತ್ತು. ಆದರೆ ನಮ್ಮ ಬೈಲಹೊಂಗಲವೇ ಇನ್ನೊಬ್ಬರಿಗೆ ಮಸ್ಕತ್ತು ಆಗಿರಬಹುದು, ಅಲ್ಲೆಲ್ಲೋ ಒಂದು ಓಣಿಯಲ್ಲಿ ಯಾರೋ ಬೈಲಹೊಂಗಲದ ರೊಕ್ಕದಿಂದ ಸಿಂಹ ಕೂರಿಸುತ್ತಿರಬಹುದು ಎಂಬುದು ನನಗೆ ಹೊಳೆದಿರಲಿಲ್ಲ. ಹೊಳೆದಂದಿನಿಂದ ಶುರುವಾದ ಗೊಂದಲ ಇನ್ನೂ ಮುಗಿದಿಲ್ಲ.

ನಾನು ನಿವೃತ್ತ ಹಿಂದಿ ಮಾಸ್ತರ. ಮೊದಲು ಮುನವಳ್ಳಿಯಲ್ಲಿ, ಆಮೇಲೆ ಬೈಲಹೊಂಗಲದಲ್ಲಿ, ಇಡೀ ನೌಕರಿಯಲ್ಲಿ ಹಿಂದಿಯನ್ನು ಕನ್ನಡದಲ್ಲೇ ಕಲಿಸಿದವನು. ನನ್ನೊಂದಿಗೆ ಹಿಂದಿ ಮಾತಾಡುವ ಒಬ್ಬ ಮನುಷ್ಯ ಸಿಗಲಿ ಎಂಬುದು ನನ್ನ ಹಳೆಯ ಆಸೆ. ಹಾಗಾಗಿ ನಮ್ಮ ಮುಂದಿನ ಖೋಲಿ ಬಾಡಿಗೆಗೆ ಕೇಳಿಕೊಂಡು ನೇಪಾಳದವನೊಬ್ಬ ಬಂದಾಗ ಎದ್ದು ನಿಂತೇ ಬರಮಾಡಿಕೊಂಡೆ. "ಆಪ್ ಕಹಾಂ ಸೇ ಪಧಾರೇ ಹೈಂ?" ಎಂದೆ. ಅವನು ನನ್ನ ಹೆಂಡತಿ ಸುವರ್ಣಾಳ ಕಡೆ ತಿರುಗಿ, "ಅಕ್ಕಾರ, ಸರ್ ಏನ ಕೇಳಾಕ ಹತ್ಯಾರ್ರಿ?" ಎಂದ. ಹಲವು ವರ್ಷ ಬೆಳಗಾವಿಯ ಹೋಟೆಲುಗಳಲ್ಲಿ ಕೆಲಸ ಮಾಡಿ, ಈಗ ಸ್ವಂತ ಗಾಡಿ ಮಾಡಿಕೊಂಡು ನಮ್ಮ ಬಜಾರದಲ್ಲಿ ಗೋಬಿ ಮಂಚೂರಿ, ನೂಡಲ್ಸ್ ಮಾರುವವನು. ಹೆಸರು ದಿಲ್ ಬಹಾದೂರ್. ನಮ್ಮ ಓಣಿಯವರು ಅಷ್ಟುದ್ದದ ಹೆಸರು ಯಾಕೆಂದು ಬಂದ ವಾರದಲ್ಲೇ ದಿಲ್ಲಪ್ಪ ಮಾಡಿಬಿಟ್ಟರು.

ದಿಲ್ಲಪ್ಪನ ಹೆಂಡತಿ ಮಾಯಾ, ಮಗಳು, ತಂದೆತಾಯಿ ಎಲ್ಲ ಊರಲ್ಲೇ ಇದ್ದರು. ಊರು ಪೋಖರಾದಿಂದ ಮುಂದೆ, ಬೆಟ್ಟದ ರಸ್ತೆಯ ಮೇಲೆ. ತಿಂಗಳಿಗೊಮ್ಮೆ ಅವನು ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಅಂಗಡಿಗೆ ಹೋಗಿ ರೊಕ್ಕ ಕಟ್ಟಿ ಬರುತ್ತಿದ್ದ, ಮಾಯಾ ಅಲ್ಲಿ ಬಿಡಿಸಿಕೊಳ್ಳುತ್ತಿದ್ದಳು. ಇಲ್ಲಿಯ ನೂರು ರೂಪಾಯಿ ಅಲ್ಲಿ ನೂರಾ ಅರವತ್ತು ಆಗುತ್ತದೆ ಎಂದು ಒಮ್ಮೆ ಹೇಳಿದ. ನಾನು ಆ ಅರವತ್ತು ರೂಪಾಯಿ ಎಲ್ಲಿಂದ ಬಂತು ಎಂದು ಎರಡು ದಿನ ಯೋಚಿಸಿದೆ. ಅಲ್ಲಿಯ ಗಡಿಯಾರವೂ ನಮ್ಮದಕ್ಕಿಂತ ಕಾಲು ಗಂಟೆ ಮುಂದಂತೆ. ಒಂದು ಗಂಟೆ ಎಂದರೆ ಒಪ್ಪಬಹುದು, ಅರ್ಧ ಗಂಟೆ ಎಂದರೂ ಒಪ್ಪಬಹುದು, ಕಾಲು ಗಂಟೆ ಯಾಕೆ ಎಂದು ಕೇಳಿದೆ. "ಅದು ಹಂಗ ಐತ್ರಿ ಸರ್ರ" ಎಂದ. ಊರಿನ ಬಗ್ಗೆ ನಾನು ಕೇಳಿದ ಬಹಳಷ್ಟು ಪ್ರಶ್ನೆಗಳಿಗೆ ಅವನ ಉತ್ತರ ಇದೇ.

ಒಂದು ಬೆಳಿಗ್ಗೆ ಅವನು ಅಳತೆಯ ಟೇಪು ಹಿಡಿದು ನಮ್ಮ ಪಡಸಾಲೆಯಲ್ಲಿ ನಿಂತಿದ್ದ. "ಸರ್ರ, ಊರಾಗ ಮನಿ ಕಟ್ಟಸಬೇಕಂತ ಮಾಡೇನ್ರಿ. ನಿಮ್ಮ ಮನಿ ಹಂಗ."

ನನಗೆ ಹೆಮ್ಮೆಯಾಯಿತು. ಈ ಮನೆಯನ್ನು ಹೊಗಳಿದ ಮೊದಲ ಮನುಷ್ಯ ಅವನು. ಸುವರ್ಣಾಳ ತವರಿನವರು ಕಟಕೋಳದಿಂದ ಗೃಹಪ್ರವೇಶಕ್ಕೆ ಬಂದಾಗ ಊಟವನ್ನಷ್ಟೇ ಹೊಗಳಿ ಹೋಗಿದ್ದರು. ಅದಕ್ಕೆ ಕಾರಣವಿತ್ತು. ಮನೆ ಕಟ್ಟಿದ ನಮ್ಮ ಗೌಂಡಿ ಮಾಳಿಗೆಗೆ ಹೋಗುವ ಪಾವಟಿಗೆಯ ಮೇಲೆ ತೊಲೆಯನ್ನು ಎಷ್ಟು ಕೆಳಗೆ ತಂದಿದ್ದನೆಂದರೆ ಬಗ್ಗದೆ ಹತ್ತಿದವರ ಹಣೆಗೆ ಅದು ತಪ್ಪದೆ ಬಡಿಯುತ್ತದೆ. ಬಚ್ಚಲಿಗೆ ಅವನು ಇಟ್ಟ ಕಿಟಕಿ, ಪಡಸಾಲೆಯ ಕಿಟಕಿಗಿಂತ ದೊಡ್ಡದು. ಬಂದವರೆದುರು ಮಾನ ಉಳಿಸಿಕೊಳ್ಳಲು ನಾನು, ತೊಲೆಯ ಆಚೆ ದೇವರ ಗೂಡಿದೆ, ಹತ್ತುವವರು ತಲೆ ಬಗ್ಗಿಸಲಿ ಎಂದೇ ಹಾಗೆ ಕಟ್ಟಿಸಿದ್ದು ಎಂದು ಹೇಳುತ್ತಿದ್ದೆ. ದಿಲ್ಲಪ್ಪ ಅದನ್ನು ನಂಬಿದ್ದ. ತೊಲೆಯ ಎತ್ತರವನ್ನು ಎರಡು ಸಲ ಅಳೆದು, ಫೋನಿನಲ್ಲಿ ಅಲ್ಲಿಯ ಗೌಂಡಿಗೆ ನೇಪಾಳಿಯಲ್ಲಿ ಬಹಳ ಭಕ್ತಿಯಿಂದ ಏನೋ ವಿವರಿಸಿದ. ಆಗ ನಿಜ ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ, ಯಾವ ಭಾಷೆಯಲ್ಲಿ ಹೇಳಲಿ ಎಂದು ತಡವರಿಸುವುದರಲ್ಲಿ ಫೋನು ಕಟ್ಟಾಯಿತು.

ಅಂದಿನಿಂದ ನಮ್ಮ ಮನೆ ಎರಡು ದೇಶಗಳಲ್ಲಿ ನಡೆಯತೊಡಗಿತು. ದಿಲ್ಲಪ್ಪ ಗಾಡಿಯಲ್ಲಿದ್ದಾಗ ಮಾಯಾ ಸುವರ್ಣಾಳಿಗೇ ವಿಡಿಯೋ ಕಾಲ್ ಮಾಡುತ್ತಿದ್ದಳು. ಅವಳು ನೇಪಾಳಿಯಲ್ಲಿ ಕೇಳುವಳು, ಇವಳು ನಮ್ಮ ಬೈಲಹೊಂಗಲದ ಕನ್ನಡದಲ್ಲಿ ಹೇಳುವಳು, ಇಬ್ಬರೂ ತಲೆಯಾಡಿಸುವರು. ನಡುವೆ ನಾನು ಹಿಂದಿಯಲ್ಲಿ ಸಹಾಯಕ್ಕೆ ಹೋದರೆ ಇಬ್ಬರಿಗೂ ಅರ್ಥವಾಗುವುದು ನಿಂತುಹೋಗುತ್ತಿತ್ತು. "ನೀವು ಸುಮ್ಮ ಕುಂಡ್ರಿ, ಆಕಿ ಅಡಿಗಿ ಮನಿ ಕಟ್ಟಿ ಎತ್ತರ ಕೇಳಾಕ ಹತ್ಯಾಳ" ಎಂದು ಸುವರ್ಣಾ ಟೇಪಿನ ಒಂದು ತುದಿಯನ್ನು ನನ್ನ ಕೈಗೆ ಕೊಡುತ್ತಿದ್ದಳು. ದಿಲ್ಲಪ್ಪನ ಅಣ್ಣ ಕತಾರಿನಲ್ಲಿದ್ದಾನೆ, ಆ ಗೌಂಡಿಯೂ ಕತಾರಿಗೆ ಹೊರಟು ನಿಂತವನು, ಊರಲ್ಲೇ ಕೆಲಸ ಸಿಕ್ಕಿತೆಂದು ಉಳಿದನಂತೆ. ಮನೆ ಏಳುವುದನ್ನು ಕಂಡು ಪಕ್ಕದವನೊಬ್ಬ ಸಿಮೆಂಟು, ಕಬ್ಬಿಣದ ಸರಳಿನ ಅಂಗಡಿ ಹಾಕಿದನಂತೆ. ಇದೆಲ್ಲ ಮಾಯಾ ಹೇಳಿದ್ದನ್ನು ಸುವರ್ಣಾ ನನಗೆ ಹೇಳಿದ್ದು. ನೇಪಾಳಿಯಲ್ಲಿ ಹೇಳಿದ್ದು ಇವಳಿಗೆ ಹೇಗೆ ತಿಳಿಯಿತೆಂದು ನಾನು ಕೇಳಲಿಲ್ಲ. ಕೇಳಿದ್ದರೆ ಇವಳೂ ಅದು ಹಾಗೇ ಇದೆ ಎನ್ನುತ್ತಿದ್ದಳು.

ಗೋಡೆಗಳು ಮೇಲೆದ್ದು ಇನ್ನೇನು ಸ್ಲ್ಯಾಬು ಹಾಕಬೇಕು ಎನ್ನುವಾಗ ನಮ್ಮ ಬಜಾರದ ರಸ್ತೆ ಅಗಲ ಮಾಡುವ ಕೆಲಸ ಶುರುವಾಯಿತು. ಗಾಡಿಗಳೆಲ್ಲ ಎದ್ದವು. ದಿಲ್ಲಪ್ಪ ತನ್ನ ಗಾಡಿಯನ್ನು ನಾಲ್ಕಾರು ಕಡೆ ನಿಲ್ಲಿಸಿ ನೋಡಿದ. ಒಂದು ಕಡೆ ಗಿರಾಕಿ ಇಲ್ಲ, ಇನ್ನೊಂದು ಕಡೆ ಮೊದಲೇ ಬೇರೆಯವನಿದ್ದ. ಎಂ.ಕೆ. ಹುಬ್ಬಳ್ಳಿಯವರೆಗೂ ಹೋಗಿ, ಕಬ್ಬಿನ ಲಾರಿಗಳು ನಿಲ್ಲುವಲ್ಲಿ ಜಾಗ ಕೇಳಿ, ಹಂಗಾಮು ಮುಗಿದು ಲಾರಿಗಳೇ ಇಲ್ಲವೆಂದು ತಿಳಿದು ವಾಪಸು ಬಂದ. ಅಲ್ಲಿ ಊರಲ್ಲಿ ಹಳೆಯ ಮನೆಯನ್ನು ಕೆಡವಿ ಅದರ ಕಲ್ಲುಗಳನ್ನೇ ಹೊಸ ಗೋಡೆಗೆ ಹಾಕಿದ್ದರು. ಅವನ ಮುದಿ ತಂದೆತಾಯಿ, ಹೆಂಡತಿ, ಮಗಳು ತಗಡಿನ ಶೆಡ್ಡಿನಲ್ಲಿದ್ದರು. ಮಳೆ ಹತ್ತಿರ ಬಂದಿತ್ತು. ಅಲ್ಲಿಯ ಮಳೆ ನಮ್ಮ ಮಳೆಯಂತೆ ಬಂದು ಹೋಗುವುದಲ್ಲ, ಬಂದರೆ ಗುಡ್ಡವನ್ನೇ ಜಾರಿಸುತ್ತದೆ ಎಂದು ಅವನೇ ಹೇಳಿದ್ದ. ದಿನವಿಡೀ ಖೋಲಿಯಲ್ಲಿ ಕೂತಿರುತ್ತಿದ್ದ. ಒಂದು ದಿನ, "ನಾನೂ ಕತಾರಿಗೆ ಹೋಕ್ಕೇನ್ರಿ ಅಕ್ಕಾರ, ಅಣ್ಣ ಕರ್ಯಾಕ ಹತ್ಯಾನ" ಎಂದ. ಹೇಳುವಾಗ ಅವನ ಮುಖ ನೋಡಲು ನನಗೆ ಆಗಲಿಲ್ಲ.

ಸುವರ್ಣಾ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ಗಾಡಿ ತಂದು ನಮ್ಮ ಕಟ್ಟಿ ಮುಂದ ನಿಲ್ಲಸು" ಎಂದಳು.

"ನಮ್ಮ ಮನಿ ಮುಂದ ಗೋಬಿ ಗಾಡಿ?" ಎಂದೆ ನಾನು. "ನಾ ಮಾಸ್ತರ ಇದ್ದಾಂವ."

"ಇದ್ದಾವ್ರು. ಈಗ ಇಲ್ಲಲ್ಲ" ಎಂದಳು.

ಹೀಗೆ ನಮ್ಮ ಮನೆ ಹೋಟೆಲಾಯಿತು. ಕಟ್ಟೆಯ ಮೇಲೆ ಗಿರಾಕಿಗಳು, ಪಡಸಾಲೆಯಲ್ಲಿ ಕೋಸಿನ ರಾಶಿ. ಬರೀ ಗೋಬಿಗೆ ಓಣಿಯ ಹಿರಿಯರು ಬರುವುದಿಲ್ಲವೆಂದು ಸುವರ್ಣಾ ಸಂಜೆಗೆ ಗಿರಮಿಟ್ ಸೇರಿಸಿದಳು. ಅದಕ್ಕೆ ಚುರಮರಿ ಕಲಸುವ ಕೆಲಸ ನನಗೆ ಬಂತು. ಹುಣಸೆಯ ಒಗ್ಗರಣೆ ಹಾಕಿ, ಚುರಮರಿ ಮೆತ್ತಗಾಗುವ ಮೊದಲೇ ಕಲಸಿ ಕೊಡಬೇಕು, ಇಲ್ಲದಿದ್ದರೆ ಅದು ಗಿರಮಿಟ್ ಅಲ್ಲ. ನನಗೆ ಇದು ಹಿಂದಿ ವ್ಯಾಕರಣಕ್ಕಿಂತ ಬೇಗ ಬಂತು. ತೊಂದರೆಯೆಂದರೆ ಊರಿನಲ್ಲಿ ಅರ್ಧ ಜನ ನನ್ನ ವಿದ್ಯಾರ್ಥಿಗಳು. ಬೆಂಚಿನ ಮೇಲೆ ನಿಲ್ಲಿಸಿದ್ದ ಹುಡುಗ ಈಗ ದೊಡ್ಡ ಹುದ್ದೆಯಲ್ಲಿದ್ದಾನೆ, ಕಾರು ನಿಲ್ಲಿಸಿ, ಕೈ ಮುಗಿದು, "ಆರಾಮ ಅದೀರಿ ಸರ? ಒಂದು ಹಾಫ್ ನೂಡಲ್ಸ್, ಖಾರ ಜಾಸ್ತಿ" ಎನ್ನುತ್ತಾನೆ. ನಾನು ಗೋಬಿ ತಂದು ಕೊಡುತ್ತೇನೆ. "ಸರ, ನಾ ನೂಡಲ್ಸ್ ಹೇಳಿದ್ದೆ" ಎಂದು ಮೆಲ್ಲಗೆ ತಿದ್ದುತ್ತಾನೆ. ಅವನ ತಪ್ಪುಗಳನ್ನು ನಾನು ಹಿಂದೆ ಇಷ್ಟು ಮೆಲ್ಲಗೆ ತಿದ್ದಿದ ನೆನಪಿಲ್ಲ.

ವಿಷಯ ಓಣಿಗೆಲ್ಲ ತಿಳಿಯಿತು. ಇಲ್ಲಿ ತಿಂದ ಗೋಬಿ ನೇಪಾಳದಲ್ಲಿ ಸ್ಲ್ಯಾಬು ಆಗುತ್ತದೆ ಎಂದು ಜನ ಬಂದು ತಿನ್ನತೊಡಗಿದರು. ಅಲ್ಲಿಯ ಬಚ್ಚಲದ ಕಿಟಕಿ ತಾನು ತಿಂದದ್ದರಲ್ಲಿ ಬರುವುದು ಎಂದು ಒಬ್ಬ ಹೇಳಿದರೆ, ಅದಕ್ಕೆ ಗಾಜು ಕೂರಿಸುವುದು ತಾನು ಎಂದು ಇನ್ನೊಬ್ಬ. ಈರಪ್ಪನಂತೂ ದಿನಾ ಬರುತ್ತಿದ್ದ. ಒಂದು ಸಂಜೆ ಅವನ ಪ್ಲೇಟು ಕೈಯಲ್ಲಿ ಹಿಡಿದು ನಿಂತಾಗ ನನಗೆ ತಲೆ ತಿರುಗಿದಂತಾಯಿತು. ಇವನ ಮಗ ಮಸ್ಕತ್ತಿನಲ್ಲಿ ದುಡಿದು ಬೈಲಹೊಂಗಲಕ್ಕೆ ಕಳಿಸುತ್ತಾನೆ, ಇವನು ಅದರಲ್ಲಿ ಗೋಬಿ ತಿನ್ನುತ್ತಾನೆ, ದಿಲ್ಲಪ್ಪ ಆ ರೊಕ್ಕವನ್ನು ನೇಪಾಳಕ್ಕೆ ಕಳಿಸುತ್ತಾನೆ, ಅದು ಅಲ್ಲಿಗೆ ಹೋಗಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ, ಅದರಲ್ಲಿ ನಮ್ಮ ಮನೆ ಏಳುತ್ತದೆ. ಹಾಗಾದರೆ ಯಾರ ದುಡಿಮೆಯಿಂದ ಯಾವ ದೇಶ ಉದ್ಧಾರವಾಗುತ್ತಿದೆ? ಈರಪ್ಪನನ್ನೇ ಕೇಳಿದೆ. ಅವನು ಪ್ಲೇಟು ತೆಗೆದುಕೊಂಡು ಒಂದು ತುಂಡು ಬಾಯಿಗೆ ಹಾಕಿ, "ಮಾಸ್ತರ, ಇವತ್ತ ಉಪ್ಪ ಕಡಿಮಿ ಬಿದ್ದೈತಿ" ಎಂದ.

ಸ್ಲ್ಯಾಬು ಹಾಕುವ ದಿನ ನಮ್ಮ ಕಟ್ಟೆಯ ಮೇಲೆ ನಿಲ್ಲಲು ಜಾಗವಿರಲಿಲ್ಲ. ದಿಲ್ಲಪ್ಪ ಒಲೆ ಹಚ್ಚಲಿಲ್ಲ. ಫೋನನ್ನು ಸಾಸ್ ಬಾಟಲಿಗೆ ಒರಗಿಸಿಟ್ಟು ಎಲ್ಲರೂ ಬಗ್ಗಿ ನೋಡಿದೆವು. ಊರಿನ ಹೆಂಗಸರು ಬೆನ್ನಿನ ಬುಟ್ಟಿಗಳಲ್ಲಿ ಕಾಂಕ್ರೀಟು ಹೊತ್ತು ಸಾಲಾಗಿ ಏಣಿ ಹತ್ತುತ್ತಿದ್ದರು. ಆಕಾಶ ಕಪ್ಪಾಗಿತ್ತು. ಇನ್ನೊಂದು ಮೂಲೆ ಉಳಿದಿದೆ ಎನ್ನುವಾಗ ಪರದೆಯ ಮೇಲೆ ಒಂದು ಹನಿ ಬಿತ್ತು. ದಿಲ್ಲಪ್ಪ ಕಟ್ಟೆಯ ಕಂಬ ಹಿಡಿದುಕೊಂಡ. ಆಮೇಲೆ ಮಾಯಾಳ ಸೆರಗು ಬಂದು ಪರದೆಯನ್ನು ಒರೆಸಿತು, ಅವಳು ನಗುತ್ತಾ ಏನೋ ಹೇಳಿದಳು. "ಮಳಿ ಅಲ್ಲಂತ, ಕಾಂಕ್ರೀಟಿನ ನೀರು ಸಿಡದೈತಿ" ಎಂದಳು ಸುವರ್ಣಾ. ಮೂಲೆ ಮುಗಿಯಿತು. ನಿಜವಾದ ಮಳೆ ಮರುದಿನ ಬಂತು. ತಾಡಪತ್ರಿ ಹೊದಿಸಿದ ಆ ಸ್ಲ್ಯಾಬಿನ ಚಿತ್ರವನ್ನು ದಿಲ್ಲಪ್ಪ ಎಲ್ಲರಿಗೂ ತೋರಿಸುತ್ತಾ, ಯಾರಿಗೂ ಕಾಣದಂತೆ ಕಣ್ಣೊರೆಸಿಕೊಂಡ. ನಾವೂ ಕಾಣದವರಂತೆ ಇದ್ದೆವು.

ಗೃಹಪ್ರವೇಶಕ್ಕೆ ಅವನು ಊರಿಗೆ ಹೋದ. ಗಾಡಿ ನಮ್ಮಲ್ಲೇ ಇರಲಿ, ದೀಪಾವಳಿ ಮುಗಿಸಿ ಬರುತ್ತೇನೆ ಎಂದ. ಹೋದ ಮೇಲೆ ಫೋನಿನಲ್ಲಿ ಇಡೀ ಮನೆ ತೋರಿಸಿದ. ಅದೇ ಪಡಸಾಲೆ, ಅದೇ ಕಟ್ಟೆ, ಅದೇ ಮುಂದಿನ ಖೋಲಿ. ನಮ್ಮ ಮನೆ ಪೂರ್ವಕ್ಕೆ ಮುಖ ಮಾಡಿದೆಯೆಂದು ಅದೂ ಪೂರ್ವಕ್ಕೆ, ಎದುರಿಗೆ ರಸ್ತೆ, ರಸ್ತೆಯಾಚೆ ಬರೀ ಕಡಿದ ಗುಡ್ಡ. ಹಿಮ ಹೊದ್ದ ದೊಡ್ಡ ಬೆಟ್ಟಗಳೆಲ್ಲ ಹಿಂಬದಿಗೆ. ಅವು ಇಡಿಯಾಗಿ ಕಾಣುವುದು ಬಚ್ಚಲದ ಕಿಟಕಿಯಿಂದ ಮಾತ್ರ. ಬಂದ ನೆಂಟರೆಲ್ಲ ಬಚ್ಚಲಿಗೆ ಹೋದರೆ ಹೊರಗೆ ಬರುವುದಿಲ್ಲವಂತೆ. ಪಾವಟಿಗೆಯ ಹತ್ತಿರ ಎಲ್ಲರೂ ತಲೆ ಬಗ್ಗಿಸಿ ಕೈ ಮುಗಿಯುತ್ತಿದ್ದರು. ನನ್ನ ಸುಳ್ಳು ಅಲ್ಲಿ ಸಂಪ್ರದಾಯವಾಗಿತ್ತು.

ದೀಪಾವಳಿ ಮುಗಿಯಿತು. ದಿಲ್ಲಪ್ಪ ಬರಲಿಲ್ಲ. ಗಾಡಿಯ ಒಲೆ ತಣ್ಣಗಿದ್ದರೂ ಸಂಜೆ ಜನ ಬರುವುದು ನಿಲ್ಲಲಿಲ್ಲ, ಹಾಗಾಗಿ ನಾನು ಗಿರಮಿಟ್ ಕಲಸುತ್ತಲೇ ಇದ್ದೆ. ಮೊನ್ನೆ ಅವನ ಫೋನು ಬಂತು. ಅಲ್ಲಿಯ ಕಟ್ಟೆಯ ಮೇಲೂ ಅಂಗಡಿ ಹಾಕಿದ್ದಾನಂತೆ. ಮುಕ್ತಿನಾಥಕ್ಕೆ ಹೋಗುವ ಯಾತ್ರಿಕರ ಬಸ್ಸುಗಳು ಅದೇ ರಸ್ತೆಯಲ್ಲಿ ಹೋಗುತ್ತವೆ.

"ನಮ್ಮ ಕಡೆ ಮಂದಿ ಭಾಳ ಬರ್ತಾರ್ರಿ ಸರ್ರ" ಎಂದ. ನಮ್ಮ ಕಡೆ ಎಂದರೆ ಈಗ ಅವನಿಗೆ ಯಾವ ಕಡೆ ಎಂದು ನಾನು ಕೇಳಲಿಲ್ಲ. "ಗಿರಮಿಟ್ ಐತಿ ಅಂತ ಬೋರ್ಡ ಹಾಕೇನಿ. ಮಂದಿ ಇಳ್ಯಾಕ ಹತ್ಯಾರ. ಆದ್ರ ನನ್ನ ಕೈಯಾಗ ಚುರಮರಿ ಮೆತ್ತಗಾಗತಾವ. ನೀವು ಬಂದಬಿಡ್ರಿ. ಮುಂದಿನ ಖೋಲಿ ಖಾಲಿ ಐತಿ. ಊಟ, ಚಹಾ ನಮ್ಮದು. ತಿಂಗಳಾ ತಿಂಗಳಾ ಅಕ್ಕಾರಗ ರೊಕ್ಕ ಕಳಸ್ರಿ."

ನಾನು ನಕ್ಕು, ಈ ವಯಸ್ಸಿನಲ್ಲಿ ಪರದೇಶಕ್ಕೆ ಹೋಗುವುದೇ ಎಂದು ಸುವರ್ಣಾಳ ಕಡೆ ನೋಡಿದೆ. ಅವಳು ನಗುತ್ತಿರಲಿಲ್ಲ. ಮಾಳಿಗೆಯ ಕಡೆ ನೋಡುತ್ತಿದ್ದಳು. "ಮ್ಯಾಲ ಒಂದು ಖೋಲಿ ಆಗಬೇಕಿತ್ತು ನೋಡ್ರಿ, ಭಾಳ ದಿನದಿಂದ" ಎಂದಳು. ಇದನ್ನು ಬರೆಯುವ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ ಮಾಯಾಳೊಂದಿಗೆ ಫೋನಿನಲ್ಲಿದ್ದಾಳೆ. ನನ್ನ ಸ್ವೆಟರಿನ ಅಳತೆಯ ಮಾತು ನಡೆದಿದೆ, ಕೊರಳಿನದು ಮುಗಿದು ತೋಳಿಗೆ ಬಂದಿದೆ. ನನ್ನ ಪಗಾರ ಎಷ್ಟು ಎಂಬ ಮಾತನ್ನು ಇನ್ನೂ ಯಾರೂ ಎತ್ತಿಲ್ಲ. ನಾನೇ ಹೋಗಿ ಎತ್ತೋಣವೆಂದರೆ, ನಾನು ಹಿಂದಿಯಲ್ಲಿ ಕೇಳಿದರೆ ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ.